ಜಾಗ ಓದಬಲ್ಲವರು ಬೇಕಾಗಿದ್ದಾರೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಿಂದ ಬಂದ ಪತ್ರ ಬರಹಗಾರರೇ, ಭೂಮಾಪಕರೇ, ಇಂಜಿನಿಯರ್ ಮಿತ್ರರೇ, ಹಿಂದಿನ ಸಾಲುಗಳಲ್ಲಿ ಕುಳಿತ ತರುಣ ತರುಣಿಯರೇ,

ಸಂಘಟಕರು ನನಗೆ ಕೊಟ್ಟ ವಿಷಯ ‘ರಿಯಲ್ ಎಸ್ಟೇಟ್ ಕ್ಷೇತ್ರದಲ್ಲಿ ಉದ್ಯೋಗದ ದಾರಿಗಳು’. ಬೆಂಗಳೂರಿನ ಸಭೆಯಾಗಿದ್ದರೆ ಮಾತು ಅಪಾರ್ಟ್‌ಮೆಂಟಿನಿಂದ ಶುರುವಾಗುತ್ತಿತ್ತು. ಘಟ್ಟದ ಮೇಲಿನ ನಮ್ಮಲ್ಲಿ ಅದು ಅಡಿಕೆ ತೋಟದ ದಣಪೆಯಿಂದಲೇ ಶುರುವಾಗಬೇಕು. ಉತ್ತರ ಕನ್ನಡದ ನೆಲದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಅರಣ್ಯ. ಉಳಿದ ಒಂದು ಪಾಲಿನಲ್ಲೇ ಪೇಟೆ, ಊರು, ಕೆರೆ, ಗದ್ದೆ, ತೋಟ ಎಲ್ಲ ಅಡಗಬೇಕು. ಮಾರಲು ಬರುವ ಮಾಲ್ಕಿ ಜಾಗವೇ ಕಡಿಮೆಯಿರುವಾಗ ಮಾರಾಟದ ಕಮಿಷನ್ ನಂಬಿಕೊಂಡು ಎಷ್ಟು ಜನ ಬದುಕಿಯಾರು? ಆದರೆ ಜಾಗವನ್ನು ಓದುವ, ಅಳೆಯುವ, ಬೆಲೆ ಕಟ್ಟುವ, ನೋಡಿಕೊಳ್ಳುವ ಕೆಲಸಕ್ಕೆ ಇಲ್ಲಿ ಜನವೇ ಸಿಗುತ್ತಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ, ಮುಂದಿನದೆಲ್ಲ ಅದರ ವಿವರ.

ಓದುವುದನ್ನು ಮೊದಲು ಹೇಳುತ್ತೇನೆ, ನನ್ನ ವಕೀಲಿಯ ಬಹುಪಾಲು ಪಹಣಿಗಳ ನಡುವೆಯೇ ಕಳೆದಿದೆ. ‘ಹತ್ತು ಎಕರೆ ಜಾಗ ಮಾರಾಟಕ್ಕಿದೆ, ನೀರಿನ ಅನುಕೂಲವಿದೆ’ ಎಂಬ ಜಾಹೀರಾತು ನೋಡಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಕಾರು ಬರುತ್ತದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳಬಹುದಾದ್ದರಿಂದ ಇಂಥ ಕಾರುಗಳು ಹೆಚ್ಚಾಗಿವೆ. ಕಾಗದ ಬಿಚ್ಚಿದರೆ ಒಂದು ಎಕರೆ ತೋಟ, ಒಂಬತ್ತು ಎಕರೆ ಸೊಪ್ಪಿನ ಬೆಟ್ಟ! ಬೆಟ್ಟ ಅರಣ್ಯ ಭೂಮಿ. ಸೊಪ್ಪು, ದರಕು, ಹುಲ್ಲು, ಒಣ ಕಟ್ಟಿಗೆ ತರುವ ಸವಲತ್ತು ತೋಟದ ಜೊತೆ ಬಂದದ್ದು, ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಎಂದು ಬ್ರಿಟಿಷರ ಕಾಲದಲ್ಲೇ ಠರಾಯಿಸಿದ್ದು. ಆ ಬೆಟ್ಟದಲ್ಲಿ ರೆಸಾರ್ಟ್ ಕಟ್ಟುವ ಲೆಕ್ಕ ಹಾಕಿದವರಿಗೆ ಮುಂಗಡ ಕೊಡುವ ಮೊದಲೇ ಇದನ್ನು ಬಿಡಿಸಿ ಹೇಳುವವರು ಬೇಕಲ್ಲವೇ?

ಇನ್ನೂ ಇದೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ಹಕ್ಕುಪತ್ರದ ಜಾಗ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆ ಅದನ್ನು ಮಾನ್ಯ ಮಾಡುವುದಿಲ್ಲ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರ ಹೆಸರಿಗೆ ಬಂದ ಗದ್ದೆಯಾದರೆ ಭೂ ನ್ಯಾಯಮಂಡಳಿಯ ಆದೇಶ ಹುಡುಕಬೇಕು. ಹೆಣ್ಣುಮಕ್ಕಳ ಪಾಲಿನ ಮಾತಂತೂ ಕೇಳಲೇಬೇಡಿ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹಕ್ಕಿದೆ. ‘ತಂಗಿ ಕೊಟ್ಟ ಮನೆಯಲ್ಲಿ ಸುಖವಾಗಿದ್ದಾಳೆ, ಅವಳದೇನೂ ತಕರಾರಿಲ್ಲ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವಳ ಸಹಿಯೇ ಬೇಕು.

‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೇರಿ ಎರಡು ದಶಕ ದಾಟಿತು. 2023ರಲ್ಲಿ ಕಾವೇರಿ 2.0 ಬಂದು ನೋಂದಣಿಯ ಅರ್ಜಿಯೂ ಆನ್‌ಲೈನಾಯಿತು. ಕಾಗದ ಕೈಗೆ ಸಿಗುವುದು ಸುಲಭವಾಯಿತೇ ಹೊರತು ಅದರ ಅರ್ಥ ಸುಲಭವಾಗಲಿಲ್ಲ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆ ಕಾಲದ ಎಕರೆ, ಗುಂಟೆ, ಆಣೆಯ ಲೆಕ್ಕ, ಹಿಸ್ಸೆಯ ಟಿಪ್ಪಣಿ, ಡೈರಿ ಓದಬಲ್ಲ ಪತ್ರ ಬರಹಗಾರರಿಗೆ ಈಗ ವಯಸ್ಸಾಗಿದೆ. ಅವರಿಗೆ ಕಂಪ್ಯೂಟರ್ ಬಾರದು, ಕಂಪ್ಯೂಟರ್ ಬರುವ ಬಿ.ಕಾಂ. ಹುಡುಗಿಗೆ ಹಳೆಯ ಕಾಗದ ಓದಲು ಬಾರದು. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತರೆ ಒಂದು ಉದ್ಯೋಗ ಹುಟ್ಟುತ್ತದೆ.

ಮೋಜಣಿಗೆ ಬರೋಣ. ಅಣ್ಣತಮ್ಮಂದಿರ ಪಾಲಾಗಿ ಎರಡು ತಲೆಮಾರು ಕಳೆದರೂ ಪೋಡಿಯಾಗದ, ಅಂದರೆ ಸರ್ವೆ ದಾಖಲೆಯಲ್ಲಿ ಬೇರೆಯಾಗದ ತೋಟಗಳು ನಮ್ಮಲ್ಲಿ ಬೇಕಷ್ಟಿವೆ. ಸರ್ವೆ ನಂಬರಿನ ಒಂದು ತುಂಡು ಮಾರಬೇಕಾದರೆ 11ಇ ನಕ್ಷೆ ಬೇಕು, ಅದಕ್ಕೆ ಪರವಾನಗಿ ಪಡೆದ ಭೂಮಾಪಕರು ಬೇಕು. 2020ರಲ್ಲಿ ಸ್ವಾಮಿತ್ವ ಯೋಜನೆ ಶುರುವಾದಾಗ ಡ್ರೋನ್ ಹಾರಿಸಿ ಊರಿನ ಮನೆಜಾಗ ಅಳೆದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಅಡಿಕೆ ಸೋಗೆಯ ಕೆಳಗಿನ ಬಾಂದು ಕಲ್ಲು ಆಕಾಶದಿಂದ ಕಾಣುವುದಿಲ್ಲ. ಉಂಬಳ ಕಚ್ಚಿಸಿಕೊಂಡು ಅಗಳ ಇಳಿದು ಹತ್ತುವವರಿಗೆ ಇಲ್ಲಿ ಕೆಲಸ ತಪ್ಪುವುದಿಲ್ಲ.

ಅಳತೆ ಮುಗಿದ ಮೇಲೂ ನೆಲದ ಗುಣ ತಿಳಿಯಬೇಕು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಹೋದವು. ಅದಾದ ಮೇಲೂ ಧರೆ ಕಡಿದು ಸಮತಟ್ಟು ಮಾಡಿದ ಸೈಟಿನಲ್ಲಿ ನಿಂತು ಜನ ವಾಸ್ತು ಕೇಳುತ್ತಾರೆ, ಮಳೆನೀರು ಎಲ್ಲಿಗೆ ಹೋಗುತ್ತದೆಂದು ಕೇಳುವುದಿಲ್ಲ. ಭೂವಿಜ್ಞಾನ ಓದಿದವರು ಈ ಪ್ರಶ್ನೆಯನ್ನೇ ವೃತ್ತಿ ಮಾಡಿಕೊಳ್ಳಬಹುದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಕುರಿತ ಕಸ್ತೂರಿರಂಗನ್ ವರದಿಯ ನಂತರದ ಕರಡು ಅಧಿಸೂಚನೆಗಳಲ್ಲಿ ನಮ್ಮ ಅನೇಕ ಹಳ್ಳಿಗಳಿವೆ. ಅಂತಿಮವಾದರೆ ಅಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಹೊಸ ಕಟ್ಟಡ ಬರುವಂತಿಲ್ಲ. ಮನೆ ರಿಪೇರಿಯನ್ನೂ ಮಾಡಬಾರದಂತೆ ಎಂದು ಹೆದರಿಸುವವರೂ, ಏನೂ ಆಗುವುದಿಲ್ಲ ಎಂದು ಸೈಟು ಮಾರುವವರೂ ಕರಡನ್ನು ಓದಿರುವುದಿಲ್ಲ. ಇನ್ನು ಬೆಲೆ ಕಟ್ಟುವ ಮಾತು: ಶಿರಸಿಯ ಅರಣ್ಯ ಮಹಾವಿದ್ಯಾಲಯ 1985ರಿಂದ ಇದೆ. ಮರ, ಮಣ್ಣು ಓದಿದ ಅದರ ಪದವೀಧರರು ತೋಟದ ಬೆಲೆ ಕಟ್ಟುವ ಕೆಲಸಕ್ಕೆ ಏಕೆ ಬರುತ್ತಿಲ್ಲವೋ ನನಗೆ ಅರ್ಥವಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಯಾರ ಕಣ್ಣಿಗೂ ಬೀಳದೆ ಉಳಿದಿದೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ. ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ತೋಟ ಮಾರಲು ಮನಸ್ಸಿಲ್ಲ, ಮಾಡಲು ಮೈಯಲ್ಲಿ ಕಸುವಿಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಹಿಡಿದು ತರಬೇಕು, ಕೊಯ್ದದ್ದನ್ನು ಸುಲಿಸಿ, ಬೇಯಿಸಿ, ಒಣಗಿಸಬೇಕು, ಸೋರುವ ಹಂಚು ತೆಗೆಸಬೇಕು, ಕಂದಾಯ, ಬೆಳೆ ವಿಮೆ ಕಟ್ಟಬೇಕು. ಇಷ್ಟನ್ನೂ ತಿಂಗಳು ತಿಂಗಳು ಲೆಕ್ಕ ಕೊಟ್ಟು ಮಾಡುವ ಐದಾರು ಜನರ ತಂಡ ಒಂದೊಂದು ಸೀಮೆಗೆ ಒಂದಿದ್ದರೆ, ಪೇಟೆಯವರು ಪ್ರಾಪರ್ಟಿ ಮ್ಯಾನೇಜ್‌ಮೆಂಟ್ ಎನ್ನುವ ಉದ್ಯೋಗ ನಮ್ಮ ಮನೆಬಾಗಿಲಲ್ಲೇ ಇದೆ. ಮಾಲೀಕರಿಗೆ ಒಂದು ಹೆದರಿಕೆಯಿದೆ, ಅದು ಗೇಣಿಯ ಕಾಲದ್ದು: ಕೊಟ್ಟವರ ಕೈಗೇ ಜಾಗ ಹೋದೀತು ಎಂಬುದು. ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು ಭೂ ಸುಧಾರಣಾ ಕಾಯ್ದೆ ಇಂದಿಗೂ ಒಪ್ಪುವುದಿಲ್ಲ. ಆದ್ದರಿಂದ ಕರಾರು ಕೆಲಸಕ್ಕೆ, ಸಂಬಳಕ್ಕೆ ಇರಲಿ, ಬರವಣಿಗೆಯಲ್ಲಿರಲಿ. ಬಾಯಿಮಾತಿನ ‘ನೋಡಿಕೋ ಮಾರಾಯ’ದಿಂದ ಹುಟ್ಟಿದ ಕೇಸುಗಳು ನನ್ನ ಕಪಾಟಿನಲ್ಲೇ ಸಾಕಷ್ಟಿವೆ.

ಕೊನೆಗೆ ದಲ್ಲಾಳಿಗಳು. ‘ತಮಾ, ಇಷ್ಟ್ ಓದ್ಕಂಡು ದಲ್ಲಾಳಿ ಕೆಲ್ಸ ಮಾಡ್ತ್ಯನಾ?’ ಎಂದು ಕೇಳುವ ಅಜ್ಜಂದಿರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಮಾರುವವರಿಗೊಂದು ದರ, ಕೊಳ್ಳುವವರಿಗೊಂದು ದರ ಹೇಳಿ ನಡುವಿನದನ್ನು ಜೇಬಿಗಿಳಿಸುವುದನ್ನು ಕಂಡವರು ಅವರು. 2016ರ ರೇರಾ ಕಾಯ್ದೆ ಬಂದಮೇಲೆ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರಿದ ಲೇಔಟನ್ನು ನೋಂದಾಯಿಸಬೇಕು. ಅದರ ಸೈಟು ಮಾರಿಸುವ ಏಜೆಂಟರೂ ನೋಂದಾಯಿಸಿಕೊಳ್ಳಬೇಕು, ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿ ದಂಡ. ತೋಟದ ಮಾರಾಟಕ್ಕೆ ರೇರಾ ಅನ್ವಯಿಸುವುದಿಲ್ಲ. ಅನ್ವಯಿಸದ ಕಡೆಯಲ್ಲೂ ಕಮಿಷನ್ನಿಗೆ ರಸೀತಿ ಕೊಡುವ ದಲ್ಲಾಳಿ ಬಂದರೆ ಅಜ್ಜಂದಿರ ಪ್ರಶ್ನೆ ತಾನಾಗಿ ನಿಲ್ಲುತ್ತದೆ.

1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ನಮ್ಮ ಟಿಎಸ್‌ಎಸ್, ಹುಟ್ಟಿತು. ಅಲ್ಲಿ ಮಾರಾಟವಾಗುವ ರಾಶಿ, ಚಾಲಿ ಅಡಿಕೆಯ ಇವತ್ತಿನ ದರ ಈಗ ಎಲ್ಲರ ಮೊಬೈಲಿನಲ್ಲಿದೆ. ಆ ಅಡಿಕೆ ಬೆಳೆಯುವ ನೆಲದ ದರ ಮಾತ್ರ ಇನ್ನೂ ಕಿವಿಯಿಂದ ಕಿವಿಗೆ ಹೋಗುತ್ತಿದೆ. ಕಾಗದ ಪರಿಶೀಲನೆ, ಮೋಜಣಿ, ಮೌಲ್ಯಮಾಪನ, ತೋಟ ನಿರ್ವಹಣೆ ಇವಿಷ್ಟನ್ನೂ ಬರೆದು ಹಾಕಿದ ಶುಲ್ಕಕ್ಕೆ ಮಾಡಿಕೊಡುವ ಒಂದು ಸಹಕಾರ ಸಂಘವನ್ನು ಮೂರೂ ತಾಲೂಕುಗಳ ವೃತ್ತಿನಿರತರು ಸೇರಿ ಕಟ್ಟಬೇಕು. ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಠರಾವು ನಿಮ್ಮ ಮುಂದೆ ಬರುತ್ತದೆ. ಚಪ್ಪಾಳೆ ತಟ್ಟಿ ಎದ್ದು ಹೋಗಬೇಡಿ, ಸದಸ್ಯರಾಗಿ ಹೆಸರು ಬರೆಸಿ ಹೋಗಿ. ಹಿರಿಯ ಪತ್ರ ಬರಹಗಾರರು ಒಬ್ಬೊಬ್ಬರು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕೂರಿಸಿಕೊಂಡು ಕೆಲಸ ಕಲಿಸುತ್ತೇವೆಂದು ಇಲ್ಲೇ ಒಪ್ಪಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.