ಅಂಕವಿಲ್ಲದ ಆಟ

(ವಾರ್ಷಿಕ ಸಮಾರಂಭದಲ್ಲಿ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಈಗಷ್ಟೇ ಇದೇ ವೇದಿಕೆಯಲ್ಲಿ ಬಹುಮಾನ ಕೊಟ್ಟೆವು. ಅವರೆಲ್ಲರಿಗೂ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಈ ಸಂತೋಷದ ನಡುವೆ ಅಂಕವೇ ಇಲ್ಲದ ಒಂದು ವಸ್ತುವಿನ ಬಗ್ಗೆ ಮಾತನಾಡಲು ನಿಮ್ಮ ಅನುಮತಿ ಬೇಡುತ್ತೇನೆ. ಅದು ಒಂದು ವಿಡಿಯೋ ಗೇಮ್! "ಮಕ್ಕಳನ್ನು ಹಾಳು ಮಾಡುವ ವಿಡಿಯೋ ಗೇಮನ್ನು ಹೊಗಳಲು ಈ ಮೇಷ್ಟ್ರನ್ನು ಕರೆಸಬೇಕಿತ್ತೇ?" ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳಬಹುದು. ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಿ, ಆಮೇಲೆ ನೀವೇ ತೀರ್ಮಾನಿಸಿ.

ವಿಡಿಯೋ ಗೇಮ್ ಎಂದರೆ ನಮಗೆ ಗೊತ್ತಿರುವುದು ಇಷ್ಟು: ಒಂದು ಗುರಿ ಇರುತ್ತದೆ, ದಾಟಬೇಕಾದ ಹಂತಗಳಿರುತ್ತವೆ, ಮೂಲೆಯಲ್ಲಿ ಅಂಕ ಏರುತ್ತಿರುತ್ತದೆ, ತಪ್ಪಿದರೆ ಆಟ ಮುಗಿಯುತ್ತದೆ. ಆದರೆ 2005ರ ಏಪ್ರಿಲ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ 'ಡಿಎಸ್' ಎಂಬ ಅಂಗೈ ಯಂತ್ರಕ್ಕಾಗಿ 'ಎಲೆಕ್ಟ್ರೋಪ್ಲಾಂಕ್ಟನ್' ಎಂಬ ಆಟವನ್ನು ಹೊರತಂದಿತು. 2006ರಲ್ಲಿ ಅದು ಅಮೆರಿಕ ಮತ್ತು ಯುರೋಪಿಗೂ ಬಂತು. ಇದರಲ್ಲಿ ಗುರಿ ಇಲ್ಲ, ಹಂತಗಳಿಲ್ಲ, ಅಂಕವಿಲ್ಲ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ.

ಹಾಗಾದರೆ ಇರುವುದೇನು? ನೀರು, ಮತ್ತು ಆ ನೀರಿನಲ್ಲಿ ಈಜುವ ಹತ್ತು ಬಗೆಯ ಪುಟ್ಟ ಜೀವಿಗಳು. ಒಂದು ಬಗೆಯ ಜೀವಿಗೆ ನೀವು ಕಡ್ಡಿಯಿಂದ ಪರದೆಯ ಮೇಲೆ ಗೆರೆ ಎಳೆಯಬೇಕು. ಅದು ಆ ಗೆರೆಯ ಮೇಲೆ ಸಾಗುತ್ತಾ ಸ್ವರ ಹೊರಡಿಸುತ್ತದೆ. ಗೆರೆಯನ್ನು ಬೇಗ ಎಳೆದರೆ ಒಂದು ರೀತಿ, ನಿಧಾನವಾಗಿ ಎಳೆದರೆ ಇನ್ನೊಂದು ರೀತಿ. ಮತ್ತೊಂದು ಬಗೆಯ ಜೀವಿಗಳು ನೀರಿನಿಂದ ಚಿಮ್ಮಿ ಗಿಡದ ಎಲೆಗಳಿಗೆ ತಾಗುತ್ತವೆ. ತಾಗಿದಾಗಲೆಲ್ಲ ನಾದ ಹೊಮ್ಮುತ್ತದೆ. ಎಲೆಯನ್ನು ನೀವು ತಿರುಗಿಸಿದರೆ ಅವು ಪುಟಿಯುವ ದಿಕ್ಕು ಬದಲಾಗುತ್ತದೆ, ರಾಗವೂ ಬದಲಾಗುತ್ತದೆ. ಇನ್ನೊಂದು ಕಡೆ ನಾಲ್ಕು ಮೀನುಗಳಂಥ ಜೀವಿಗಳು ನಿಮ್ಮ ದನಿಯನ್ನು ಹಿಡಿದಿಟ್ಟುಕೊಂಡು ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ನುಡಿಯುತ್ತವೆ. ಆಡುವುದು ಬೇಡವೆಂದರೆ ಸುಮ್ಮನೆ ನೋಡುತ್ತಾ ಕೇಳುತ್ತಾ ಕೂರಲೂ ಅವಕಾಶವಿದೆ.

ಕೆಲವು ವರ್ಷಗಳ ಹಿಂದೆ ಗಲ್ಫ್‌ನಿಂದ ರಜೆಗೆ ಬಂದ ನನ್ನ ಅಕ್ಕ ಈ ಆಟವಿದ್ದ ಹಳೆಯ ಯಂತ್ರವೊಂದನ್ನು ತಂದಿದ್ದರು. ಅವರ ಮಗ ಒಂಬತ್ತನೇ ತರಗತಿ, ಓದಿನಲ್ಲಿ ಸದಾ ಮೊದಲಿಗ. ಐದು ನಿಮಿಷ ಆಡಿ ನನ್ನನ್ನು ಕೇಳಿದ: "ಮಾಮ, ಇದರಲ್ಲಿ ಗೆಲ್ಲುವುದು ಹೇಗೆ?" ಗೆಲ್ಲುವುದಿಲ್ಲ ಎಂದೆ. "ಮತ್ತೆ ಯಾಕೆ ಆಡಬೇಕು?" ಎಂದು ಕೆಳಗಿಟ್ಟ.

ಅವನ ತಂಗಿ ಐದನೇ ತರಗತಿ. ಗಣಿತದಲ್ಲಿ ಹಿಂದೆ, ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಶಿಕ್ಷಕಿಯರ ದೂರು. ಅವಳು ಆ ಯಂತ್ರ ಹಿಡಿದು ಕೂತವಳು ಎಲೆಗಳನ್ನು ತಿರುಗಿಸುತ್ತಲೇ ಇದ್ದಳು. "ಮಾಮ, ಇದನ್ನು ಸ್ವಲ್ಪ ಬಗ್ಗಿಸಿದರೆ ಏನಾಗುತ್ತೆ? ಮೇಲಿನದನ್ನು ನೇರ ಮಾಡಿದರೆ?" ಸಂಜೆಯ ಹೊತ್ತಿಗೆ ಯಾವ ಎಲೆಯನ್ನು ಎಷ್ಟು ತಿರುಗಿಸಿದರೆ ಜೀವಿ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದನ್ನು ನನಗೇ ಪಾಠ ಹೇಳುತ್ತಿದ್ದಳು.

ಈ ಆಟದಲ್ಲಿ ಮಾಡಿದ್ದನ್ನು ಉಳಿಸಿಡುವ ಸೌಲಭ್ಯವಿಲ್ಲ. ಮರುದಿನ ತಾಯಿಗೆ ತೋರಿಸಲು ತೆರೆದಾಗ ನಿನ್ನೆಯ ರಾಗ ಇರಲಿಲ್ಲ. ಅವಳ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮೊದಲಿನಿಂದ ಎಲೆ ತಿರುಗಿಸತೊಡಗಿದಳು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದವನು ನಾನು. "ಹೀಗೆ ಮಾಡಿದರೆ ಏನಾಗುತ್ತದೆ?" ಎಂದು ಮಕ್ಕಳು ತರಗತಿಯಲ್ಲಿ ಕೇಳಿದಾಗ ಎಷ್ಟು ಸಲ "ಅದು ಪರೀಕ್ಷೆಗೆ ಬರುವುದಿಲ್ಲ, ಬಿಡು" ಎಂದಿದ್ದೇನೋ ಲೆಕ್ಕವಿಲ್ಲ. ಹಾಗೆಂದಾಗಲೆಲ್ಲ ಒಂದು ಮಗುವಿನ ಬಾಯಿ ಮುಚ್ಚಿಸಿದೆ. ಬಾಯಿ ಮುಚ್ಚಿದ ಮಗುವಿನ ಬಗ್ಗೆ ಆಮೇಲೆ ನಾನೇ ಪೋಷಕರನ್ನು ಕರೆಸಿ ದೂರು ಹೇಳಿದೆ.

ಈ ಆಟವನ್ನು ರೂಪಿಸಿದವರು ತೋಶಿಯೋ ಇವಾಯಿ ಎಂಬ ಕಲಾವಿದರು, 1962ರಲ್ಲಿ ಜಪಾನಿನಲ್ಲಿ ಹುಟ್ಟಿದವರು. ಅವರ ಬಾಲ್ಯದ ಒಂದು ಸಂಗತಿ ನಾವೆಲ್ಲ ಗಮನಿಸತಕ್ಕದ್ದು. ಇನ್ನು ಮೇಲೆ ಆಟಿಕೆ ಕೊಡಿಸುವುದಿಲ್ಲ, ಅದರ ಬದಲು ಏನನ್ನಾದರೂ ಮಾಡಲು ಬೇಕಾದ ಸಲಕರಣೆಗಳನ್ನು ಕೊಡಿಸುತ್ತೇನೆ ಎಂದು ತಾಯಿ ಅವರಿಗೆ ಹೇಳಿದ್ದರಂತೆ. ಆಟಿಕೆ ಬೇಕಾದರೆ ತಾನೇ ಮಾಡಿಕೊಳ್ಳಬೇಕಾಯಿತು. ಸೂಕ್ಷ್ಮದರ್ಶಕ, ಟೇಪ್ ರೆಕಾರ್ಡರ್, ಸಿಂಥಸೈಜರ್ ಮತ್ತು ನಿಂಟೆಂಡೊದ ಹಳೆಯ ಆಟದ ಯಂತ್ರ - ತಾನು ಬೆಳೆಯುತ್ತಾ ಮೆಚ್ಚಿದ ಈ ನಾಲ್ಕು ವಸ್ತುಗಳು ಸೇರಿ ಎಲೆಕ್ಟ್ರೋಪ್ಲಾಂಕ್ಟನ್ ಆಯಿತು ಎಂಬುದು ಅವರ ವಿವರಣೆ.

ಅದೂ ಒಂದೇ ದಿನದಲ್ಲಿ ಆದದ್ದಲ್ಲ. 1987ರಲ್ಲಿ ಅವರ 'ಒಟೊಕ್ಕಿ' ಎಂಬ ಆಟದಲ್ಲಿ ಚೆಂಡು ಎಸೆದರೆ ಸಂಗೀತ ಹುಟ್ಟುತ್ತಿತ್ತು. ನಂತರ ನಿಂಟೆಂಡೊಗಾಗಿ ಮಾಡಿದ 'ಸೌಂಡ್ ಫ್ಯಾಂಟಸಿ' ಬಿಡುಗಡೆಯಾಗಲೇ ಇಲ್ಲ. ಆದರೆ ಆ ಶ್ರಮ ನೀರುಪಾಲಾಗಲಿಲ್ಲ. ಬಣ್ಣದ ಚುಕ್ಕಿಗಳ ಮೇಲೆ ಹುಳುಗಳು ನಡೆದಾಡಿ ಸ್ವರ ನುಡಿಸುವ ಅದರ ಒಂದು ಕಲ್ಪನೆ 1996ರಲ್ಲಿ 'ಸಿಮ್‌ಟ್ಯೂನ್ಸ್' ಎಂಬ ಕಂಪ್ಯೂಟರ್ ಆಟವಾಯಿತು. ಅಂಕದ ಲೆಕ್ಕದಲ್ಲಿ ಸೌಂಡ್ ಫ್ಯಾಂಟಸಿ 'ಫೇಲ್'. ಇವಾಯಿಯವರಿಗೆ ಮಾತ್ರ ಅದು ಮುಂದಿನ ಮೆಟ್ಟಿಲು.

ಈ ಆಟದ ಬಗ್ಗೆ ಆಕ್ಷೇಪಗಳೂ ಬಂದವು. ಇದು ಆಟವೇ ಅಲ್ಲ ಎಂದರು. ಉಳಿಸಿಡಲಾಗದ ಸಂಗೀತಕ್ಕೆ ಅರ್ಥವೇನು ಎಂದರು. ಎರಡನೆಯ ಮಾತಿನಲ್ಲಿ ಸತ್ಯವಿದೆ ಎಂಬುದು ನನ್ನ ಸೊಸೆಯ ಬಾಡಿದ ಮುಖ ನೋಡಿದ ನನಗೆ ಗೊತ್ತು. ತಮಾಷೆಯ ಸಂಗತಿ ಇನ್ನೊಂದಿದೆ. 2008ರಲ್ಲಿ ನಿಂಟೆಂಡೊ ತನ್ನ ಹೊಡೆದಾಟದ ಆಟವೊಂದರಲ್ಲಿ ಇದೇ ಎಲೆಗಳ ಗಿಡವನ್ನು ರಣರಂಗ ಮಾಡಿತು! ಗೆಲುವು ಸೋಲಿಲ್ಲದ ಜಾಗವನ್ನು ಕಂಡರೆ ಅಲ್ಲೊಂದು ಸ್ಪರ್ಧೆ ಹೂಡುವ ತನಕ ಮನುಷ್ಯನಿಗೆ ಸಮಾಧಾನವಿಲ್ಲ.

ಪೋಷಕರೇ, ನನ್ನನ್ನು ತಪ್ಪು ತಿಳಿಯಬೇಡಿ. ಪರೀಕ್ಷೆ ಬೇಡ, ಅಂಕ ಬೇಡ ಎಂದು ನಾನು ಹೇಳುತ್ತಿಲ್ಲ. ಅಂಕವಿಲ್ಲದಿದ್ದರೆ ಕಾಲೇಜಿನ ಬಾಗಿಲು ತೆರೆಯುವುದಿಲ್ಲ, ಅದು ನಮಗೆಲ್ಲ ಗೊತ್ತಿರುವ ಕಹಿ ಸತ್ಯ. ಆ ಆಟದಿಂದ ನನ್ನ ಸೊಸೆಯ ಗಣಿತದ ಅಂಕ ಏರಿತು ಎಂದರೂ ಅದು ಸುಳ್ಳಾಗುತ್ತದೆ, ಏರಲಿಲ್ಲ. ಮಕ್ಕಳಿಗೆ ಈ ಆಟ ಕೊಡಿಸಿ ಎಂದೂ ಹೇಳುತ್ತಿಲ್ಲ. ಅದು ಈಗ ಹಳೆಯ ಸರಕು; ಅದರ ಭಾಗಗಳನ್ನು ಬಿಡಿಬಿಡಿಯಾಗಿ ಮಾರುತ್ತಿದ್ದ ಕಂಪನಿಯ ಆನ್‌ಲೈನ್ ಅಂಗಡಿಯೂ 2017ರಲ್ಲಿ ಮುಚ್ಚಿತು.

ನಾನು ಕೇಳುವುದು ಇಷ್ಟೇ. ದಿನದಲ್ಲಿ ಅರ್ಧ ಗಂಟೆಯನ್ನಾದರೂ ಯಾರೂ ಅಂಕ ಹಾಕದ ಕೆಲಸಕ್ಕೆ ನಿಮ್ಮ ಮಗುವಿಗೆ ಬಿಟ್ಟುಕೊಡಿ. ಮಣ್ಣಾಗಲಿ, ಕಾಗದವಾಗಲಿ, ನೀರು ತುಂಬಿದ ಲೋಟಗಳಾಗಲಿ. ಆಗ "ಎಷ್ಟನೆಯವನಾದೆ?" ಎಂದು ಕೇಳಬೇಡಿ, "ಏನು ಕಂಡುಕೊಂಡೆ?" ಎಂದು ಕೇಳಿ, ಉತ್ತರ ಮುಗಿಯುವ ತನಕ ಪಕ್ಕದಲ್ಲಿ ಕೂತಿರಿ. ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ: ನಾನು ಆಡಿದ ಆ ಮಾತನ್ನು, "ಪರೀಕ್ಷೆಗೆ ಬರುವುದಿಲ್ಲ, ಬಿಡು" ಎಂಬುದನ್ನು, ನೀವು ಆಡಬೇಡಿ.

ಇಂದು ಬಹುಮಾನ ಪಡೆದ ಮಕ್ಕಳಿಗೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ವೇದಿಕೆಗೆ ಬಾರದ ಮಕ್ಕಳು ಹಿಂದಿನ ಸಾಲುಗಳಲ್ಲಿ ಕುಳಿತಿದ್ದಾರೆ. ಮನೆಗೆ ಹೋಗುವ ದಾರಿಯಲ್ಲಿ ಅವರ ಒಂದು ಪ್ರಶ್ನೆಯನ್ನಾದರೂ ಕೇಳಿಸಿಕೊಳ್ಳಿ ಎಂದು ವಿನಂತಿಸುತ್ತಾ, ನನ್ನ ಮಾತುಗಳಿಗೆ ವಿರಾಮ ಹೇಳುತ್ತೇನೆ.