ಬೋರ್ಡು ಮರಾಠಿ, ಓದು ಕನ್ನಡ



ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಬಾರದಿದ್ದರೂ ನಾವೆಲ್ಲ ರಸ್ತೆಬದಿಯ ಬೋರ್ಡುಗಳನ್ನು ಹೇಗೋ ಓದಿಕೊಂಡವರೇ. ಶಾಲೆಯ ಹಿಂದಿಯಿಂದ ಅಕ್ಷರ ಗೊತ್ತು, ಅರ್ಥಕ್ಕೆ ಕನ್ನಡವಿದೆ. ‘ಅಪಘಾತ’, ‘ಸಾವಕಾಶ’, ‘ಪೇಠ’ ಇವ್ಯಾವುವೂ ನಮಗೆ ಹೊಸವಲ್ಲ. ಕಣ್ಣು ಓದುವುದು ಅರ್ಧ. ಉಳಿದರ್ಧವನ್ನು ಮೊದಲೇ ತಿಳಿದದ್ದು ತುಂಬಿಕೊಡುತ್ತದೆ.

ಗೊತ್ತಿಲ್ಲದ ಪದವಾದರೆ ಯಾರನ್ನಾದರೂ ಕೇಳುತ್ತೇವೆ. ಗೊತ್ತಿದೆ ಅನ್ನಿಸಿದರೆ ಕೇಳುವುದೇ ಇಲ್ಲ. ಅಪಾಯ ಇರುವುದು ಅಲ್ಲೇ. ‘ವೇಗ ಮರ್ಯಾದಾ’ ಅಂದರೆ ವೇಗಕ್ಕೆ ಮರ್ಯಾದೆ ಕೊಡುವುದಲ್ಲ, ವೇಗದ ಮಿತಿ. ಬೆಳಗಾವಿ, ಧಾರವಾಡದ ಕಡೆಯವರಿಗೆ ‘ಉತಾರ’ ಅಂದರೆ ಜಮೀನಿನ ಕಾಗದ. ಇಲ್ಲಿ ‘ತೀವ್ರ ಉತಾರ’ ಅಂದರೆ ಕಡಿದಾದ ಇಳಿಜಾರು.

ಊರಿಂದ ವಾಪಸಾಗುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುತ್ತೇವಲ್ಲ, ಅಂಥ ಇಳಿಜಾರು ಅದು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಲಾರಿಯಿಂದ ಶುರುವಾದ ಸರಣಿ ಅಪಘಾತದಲ್ಲಿ ಸುಮಾರು 48 ವಾಹನಗಳು ಜಖಂಗೊಂಡವು. ಇಂಥಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕದೆ, ಕಡಿಮೆ ಗೇರ್‌ನಲ್ಲೇ ಇಳಿಸಬೇಕು.

ಇನ್ನು ಪಿ1, ಪಿ2 ಬೋರ್ಡುಗಳು. ಮಾಲ್‌ಗೆ ಹೋಗಿ ರೂಢಿಯಾದವರಿಗೆ ಅದು ಪಾರ್ಕಿಂಗ್ ಮಹಡಿಯ ನಂಬರ್. ಪುಣೆಯ ರಸ್ತೆಯಲ್ಲಿ ಮಾತ್ರ ಅದು ತಾರೀಖಿನ ಲೆಕ್ಕ: ಒಂದು ದಿನ ಈ ಬದಿಗೆ, ಮರುದಿನ ಆ ಬದಿಗೆ ಗಾಡಿ ನಿಲ್ಲಿಸಬೇಕು. ‘ವಿಷಮ ತಾರೀಖು’ ಅಂದರೆ ಕೆಟ್ಟ ದಿನವಲ್ಲ, ಬೆಸ ಸಂಖ್ಯೆಯ ದಿನ. ತಪ್ಪಿದರೆ ಗಾಡಿ ಟೋಯಿಂಗ್‌ನವರ ಪಾಲು!

ಭಾಷೆ ಕೈಕೊಟ್ಟಲ್ಲಿ ಆಕಾರ ಕೈಹಿಡಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಚಿಹ್ನೆಗಳು ದೇಶಕ್ಕೆಲ್ಲ ಒಂದೇ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ವೃತ್ತ ಪಾಲಿಸಲೇಬೇಕಾದ ಆಜ್ಞೆ, ನೀಲಿ ಚೌಕ ಬರೀ ಮಾಹಿತಿ. ಇಷ್ಟು ತಿಳಿದಿದ್ದರೆ ಹುಬ್ಬಳ್ಳಿಯಲ್ಲಿ ಕಲಿತದ್ದು ಹಡಪ್ಸರದಲ್ಲೂ ನಡೆಯುತ್ತದೆ.

ನಾನು ಐಟಿಯವಳು. ಹಳೆಯ ಮಾಹಿತಿಯ ಮೇಲೆ ನಡೆಯುವ ಪ್ರೋಗ್ರಾಂ ಹೊಸ ಜಾಗದಲ್ಲಿ ಎಡವುವುದನ್ನು ದಿನಾ ನೋಡುತ್ತೇನೆ. ಅದಕ್ಕೆ ಪರಿಹಾರ, ಹೊಸ ಮಾಹಿತಿ ಕೊಡುವುದು. ಊರಿಂದ ಬಂದು ಇಲ್ಲಿ ಮೊದಲ ಸಲ ಸ್ಕೂಟರ್ ಹಿಡಿಯುವ ತಂಗಿಯರಿಗೆ, ಮೊಮ್ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ಅತ್ತೆ-ಮಾವಂದಿರಿಗೆ ಹತ್ತು ಮರಾಠಿ ಪದ, ಮೂರು ಆಕಾರ ಹೇಳಿಕೊಡೋಣ. ಒಂದು ಭಾನುವಾರದ ಬೆಳಗ್ಗೆ ಇದಕ್ಕೆ ಸಾಕು. ನಾನು ಬರಲು ಸಿದ್ಧ, ನೀವೂ ಬನ್ನಿ.