ಬೇಸಿಗೆಯ ರಜೆ ಮತ್ತು ನಮ್ಮ ಮಕ್ಕಳು

(ಮರಿಯಮ್ಮನಹಳ್ಳಿಯ ದಂಪತಿಗಳಿಗಾಗಿ ಮಾಡಿದ ಭಾಷಣ)



ಏಪ್ರಿಲ್ ತಿಂಗಳಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಮೇ ತಿಂಗಳ ಕೊನೆಯವರೆಗೂ ಮಕ್ಕಳು ಮನೆಯಲ್ಲಿಯೇ ಇರುತ್ತಾರೆ. ಅವರಿಗೆ ಅದು ಹಬ್ಬ; ಹೆತ್ತವರಿಗೆ ಚಿಂತೆ. ಗಂಡ ಹೆಂಡತಿ ಇಬ್ಬರೂ ಬೆಳಗಾಗುತ್ತಲೇ ಕೂಲಿಗೋ ಹೊಲಕ್ಕೋ ಹೊರಡಬೇಕು. ಅಲ್ಲಿಂದ ಸಂಜೆಯವರೆಗೆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು? ಅವರ ಹೊತ್ತು ಹೇಗೆ ಕಳೆಯಬೇಕು? "ಪೇಟೆಯವರ ಹಾಗೆ ಬೇಸಿಗೆ ಶಿಬಿರಕ್ಕೆ ಹಣ ಕಟ್ಟುವ ಶಕ್ತಿ ನಮಗೆಲ್ಲಿದೆ?" ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಈ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಲ್ಲಿಯೇ, ನಿಮ್ಮ ಓಣಿಯಲ್ಲಿಯೇ ಇದೆಯೆಂಬುದನ್ನು ತಿಳಿಸುವುದೇ ನನ್ನ ಈ ಮಾತುಗಳ ಉದ್ದೇಶ. ರಜೆಯಲ್ಲಿ ಮಗುವಿಗೆ ಬೇಕಾಗಿರುವುದು ಹಣವಲ್ಲ. ಅದಕ್ಕೆ ಬೇಕಾಗಿರುವುದು ಆಡಲು ಜೊತೆಗಾರರು, ಕಣ್ಣಿಡಲು ಒಬ್ಬ ಹಿರಿಯರು ಮತ್ತು ದಿನಕ್ಕೆ ಒಂದಿಷ್ಟು ಹೊತ್ತು ಅದರ ತಂದೆತಾಯಿ.

ಮೊದಲು ಒಂದು ಕಠಿಣವಾದ ಮಾತನ್ನು ಹೇಳಿಬಿಡುತ್ತೇನೆ. ನಮ್ಮ ಊರಿಗೆ ಒಂದು ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು, ಸಮೀಪದಲ್ಲಿಯೇ ಡಣಾಯಕನಕೆರೆ, ಊರ ಮಗ್ಗುಲಲ್ಲಿ ಲಾರಿಗಳು ಬಿಡುವಿಲ್ಲದೆ ಓಡುವ ಹೆದ್ದಾರಿ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ದಡವು ಒಣಗಿದಂತೆ ಕಾಣುತ್ತದೆ. ಆದರೆ ಅಡಿಯಲ್ಲಿ ಕಾಲು ಹೂಳುವ ಕೆಸರೂ ಕಣ್ಣಿಗೆ ಕಾಣದ ಗುಂಡಿಗಳೂ ಇರುತ್ತವೆ. ಬಿಸಿಲಿಗೆ ಬೇಸತ್ತ ಹುಡುಗರು ಈಜಲೆಂದು ಹೋಗುವುದು ಅಲ್ಲಿಗೇ. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಜಗತ್ತಿನಲ್ಲಿ ಮೂರನೆಯ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರ ತನ್ನ ವರದಿಯಲ್ಲಿ ತಿಳಿಸಿದೆ. ಮಾಡಲು ಏನೂ ಇಲ್ಲದ ಮಗುವೇ ನೀರಿನ ದಾರಿ ಹಿಡಿಯುತ್ತದೆ. ಆದುದರಿಂದ ಮಕ್ಕಳಿಗೆ ಆಟವನ್ನು ಒದಗಿಸುವುದೆಂದರೆ ಅವರ ಪ್ರಾಣವನ್ನು ಕಾಯುವುದೂ ಹೌದು.

ಹಾಗಾದರೆ ಹಿರಿಯರು ದುಡಿಯಲು ಹೋದಾಗ ಕಣ್ಣಿಡುವವರು ಯಾರು? ಇದಕ್ಕೊಂದು ಸುಲಭವಾದ ಉಪಾಯವಿದೆ. ಒಂದೇ ಓಣಿಯ ನಾಲ್ಕೈದು ಮನೆಯವರು ರಜೆ ಆರಂಭವಾಗುವ ಮೊದಲೇ ಕೂಡಿ ಕುಳಿತು ಸರತಿಯನ್ನು ಗೊತ್ತುಮಾಡಿಕೊಳ್ಳಿರಿ. ಇಂದು ಒಂದು ಮನೆಯ ಅಜ್ಜಿ, ನಾಳೆ ಇನ್ನೊಂದು ಮನೆಯ ಅಜ್ಜ, ಮರುದಿನ ಕೆಲಸವಿಲ್ಲದೆ ಮನೆಯಲ್ಲಿರುವ ಒಬ್ಬ ತಾಯಿ ಅಥವಾ ತಂದೆ, ಹೀಗೆ ಎಲ್ಲ ಮಕ್ಕಳನ್ನೂ ಒಂದೇ ಕಟ್ಟೆಯ ಮೇಲೆ, ಒಂದೇ ಮರದ ನೆರಳಿನಲ್ಲಿ ನೋಡಿಕೊಳ್ಳಬಹುದು. ಪುಟ್ಟ ಮಕ್ಕಳನ್ನು ಅಂಗನವಾಡಿ ತೆರೆದಿರುವ ವೇಳೆಯಲ್ಲಿ ಅಲ್ಲಿಗೆ ಕಳುಹಿಸಿರಿ. ಈ ಹೊಣೆಯನ್ನು ಹತ್ತು ವರ್ಷದ ಹಿರಿಯ ಮಗಳ ಹೆಗಲಿಗೆ ಹೊರಿಸಬೇಡಿರಿ. ಮಗ ಗೋಲಿ ಆಡುತ್ತಿರುವಾಗ ಮಗಳು ಕಂಕುಳಲ್ಲಿ ತಮ್ಮನನ್ನೂ ಸೊಂಟದಲ್ಲಿ ಕೊಡವನ್ನೂ ಹೊತ್ತು ನಿಂತಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ರಜೆ ಅವಳಿಗೂ ಬಂದಿದೆಯಲ್ಲವೇ? ಮನೆಗೆಲಸವನ್ನು ಮಗ ಮಗಳಿಬ್ಬರಿಗೂ ಸಮನಾಗಿ ಹಂಚಿದರೆ ಆಟವೂ ಇಬ್ಬರಿಗೂ ಸಮನಾಗಿ ದೊರೆಯುತ್ತದೆ.

ಇನ್ನು ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ನೋಡೋಣ. ನಮ್ಮ ಸೀಮೆಯ ಬಿಸಿಲು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಓಡಿ ಆಡುವ ಆಟಗಳಾದ ಲಗೋರಿ, ಚಿಣ್ಣಿದಾಂಡು, ಕುಂಟಾಟ, ಕಣ್ಣಾಮುಚ್ಚಾಲೆ ಇವೆಲ್ಲವೂ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮತ್ತು ಸಂಜೆ ಹೊತ್ತು ಇಳಿದ ಮೇಲೆ ನಡೆಯಲಿ. ಆಡುವ ಜಾಗವು ಹೆದ್ದಾರಿಯಿಂದ ದೂರವಿರಲಿ. ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳು ನೆರಳಿನಲ್ಲಿರಬೇಕು. ಬಾಯಾರಿಕೆ ಆಗುವವರೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ, ಅಂಬಲಿಗಳನ್ನು ಕೊಡುತ್ತಿರಬೇಕು. ತಲೆಸುತ್ತು, ವಾಂತಿ, ಮೈ ಕಾದಂತಾಗುವುದು, ಮಾತು ತೊದಲುವುದು ಕಂಡುಬಂದರೆ ತಡಮಾಡದೆ ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಮಧ್ಯಾಹ್ನದ ನೆರಳಿಗೆ ನಮ್ಮ ಹಿರಿಯರು ಅತ್ಯುತ್ತಮವಾದ ಆಟಗಳನ್ನು ಬಿಟ್ಟುಹೋಗಿದ್ದಾರೆ. ಸುಣ್ಣದ ಚೂರಿನಿಂದ ನೆಲದ ಮೇಲೆ ಐದು ಐದಲೆ ಇಪ್ಪತ್ತೈದು ಮನೆ ಬರೆದರೆ ಚೌಕಾಬಾರ ಸಿದ್ಧವಾಯಿತು. ಕವಡೆ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ನಾಲ್ಕು ಹುಣಸೆ ಬೀಜಗಳನ್ನು ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವಂತೆ ತೇಯ್ದರೆ ಸಾಕು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಅಳಗುಳಿಮಣೆ ಇಲ್ಲದಿದ್ದರೆ ಮಣ್ಣಿನಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ ತೋಡಿದರಾಯಿತು. ಎಣಿಸುವುದು, ಹಂಚುವುದು, ಮುಂದಾಲೋಚನೆ ಮಾಡುವುದು, ಸೋತಾಗ ಸಿಟ್ಟಾಗದಿರುವುದು, ಇವೆಲ್ಲವನ್ನೂ ಮಗು ಆಟದಲ್ಲಿಯೇ ಕಲಿಯುತ್ತದೆ. ಒಂದು ಎಚ್ಚರಿಕೆ: ಬೀಜ, ಗೋಲಿ, ಕವಡೆಗಳು ಪುಟ್ಟ ಮಕ್ಕಳ ಕೈಗೆ ಸಿಗಬಾರದು. ಅವು ಮೂಗಿನಲ್ಲಿಯೋ ಗಂಟಲಿನಲ್ಲಿಯೋ ಸಿಕ್ಕಿಕೊಂಡರೆ ಪ್ರಾಣಕ್ಕೆ ಅಪಾಯ.

ನಮ್ಮ ಮರಿಯಮ್ಮನಹಳ್ಳಿ ನಾಟಕಕ್ಕೂ ಜನಪದ ಕಲೆಗೂ ಹೆಸರಾದ ಊರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಮಂಜಮ್ಮ ಜೋಗತಿಯವರು ಕಲಾವಿದೆಯಾಗಿ ಬೆಳೆದದ್ದು ಈ ನೆಲದಲ್ಲಿಯೇ. ಇಂತಹ ಊರಿನ ಮಕ್ಕಳಿಗೆ ಮನರಂಜನೆಯನ್ನು ಹೊರಗಿನಿಂದ ಕೊಂಡು ತರಬೇಕೇ? ನಿಮ್ಮ ಓಣಿಯಲ್ಲಿ ಬಯಲಾಟದಲ್ಲಿ ಪಾತ್ರ ಮಾಡಿದ ಹಿರಿಯರಿದ್ದರೆ ಮಕ್ಕಳಿಗೆ ಒಂದು ಪ್ರಸಂಗವನ್ನು ಕಲಿಸಿಕೊಡುವಂತೆ ಕೇಳಿಕೊಳ್ಳಿರಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಾಟವನ್ನು ನಾಡಿನ ಹೊರಗೂ ಪರಿಚಯಿಸಿದರು. ಆ ಆಟವನ್ನು ಮಕ್ಕಳು ಮನೆಯಲ್ಲಿಯೇ ಅನುಕರಿಸಬಹುದು. ಹಳೆಯ ಲಗ್ನಪತ್ರಿಕೆಗಳನ್ನು ರಾಮ, ರಾವಣ, ಆನೆ, ಹುಲಿಗಳ ಆಕಾರಕ್ಕೆ ಕತ್ತರಿಸಿ, ಪೊರಕೆ ಕಡ್ಡಿಗೆ ಅಂಟಿಸಿ, ಬಾಗಿಲಿಗೆ ಬಿಳಿ ಪಂಚೆ ಕಟ್ಟಿ ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟರೆ ಓಣಿಯೆಲ್ಲ ಬಂದು ಕುಳಿತುಕೊಳ್ಳುತ್ತದೆ. ಬಟ್ಟೆಯ ಹತ್ತಿರ ಎಣ್ಣೆಯ ದೀಪವನ್ನು ಮಾತ್ರ ಇಡಬೇಡಿರಿ. ಸಂಡೂರಿನ ಲಂಬಾಣಿ ಸೋದರಿಯರ ಕಸೂತಿ ದೇಶವಿದೇಶಗಳಲ್ಲಿ ಹೆಸರಾಗಿದೆ. ನಿಮ್ಮ ಮನೆಯಲ್ಲಿ ಸೂಜಿ ಹಿಡಿಯಬಲ್ಲವರಿದ್ದರೆ ಚಿಂದಿ ಬಟ್ಟೆಯಲ್ಲಿ ಗೊಂಬೆ ಹೊಲಿಯುವುದನ್ನು ಗಂಡುಮಕ್ಕಳಿಗೂ ಕಲಿಸಿರಿ.

ಓದುವ ಮಕ್ಕಳಿಗೆ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಶಾಲಾ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡವು. ಸುತ್ತಲಿನ ಹಳ್ಳಿಗಳ ದಂಪತಿಗಳು ತಮ್ಮ ಗ್ರಂಥಾಲಯದಲ್ಲಿ ವಿಚಾರಿಸಿ ಮಕ್ಕಳ ಹೆಸರು ಬರೆಸಿರಿ. ಅಕ್ಷರ ಬಲ್ಲ ಮಗು ಅಕ್ಷರ ಬಾರದ ಅಜ್ಜಿಗೆ ಕಥೆ ಓದಿ ಹೇಳಲಿ. ಅಜ್ಜಿ ತನಗೆ ಗೊತ್ತಿರುವ ಕಥೆಯನ್ನು ಮಗುವಿಗೆ ಹೇಳಲಿ.

ರಜೆಯಲ್ಲಿ ಒಂದು ದಿನ ಹಂಪಿಗೆ ಹೋಗಿಬನ್ನಿರಿ. ಬೆಳಗಿನ ಬಸ್ಸಿಗೆ ಹೊರಟು ಹೊಸಪೇಟೆಯಲ್ಲಿ ಬಸ್ಸು ಬದಲಿಸಿದರೆ ಬಿಸಿಲೇರುವ ಮೊದಲೇ ತಲುಪಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ಟಿನ ಖರ್ಚಿಲ್ಲ. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಿರಿ. ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣವೇ ಚಿತ್ರಗಳಾಗಿ ನಿಂತಿದೆ. ಅದನ್ನು ತೋರಿಸುತ್ತ ಕಥೆ ಹೇಳಿರಿ. ಇನ್ನೊಂದು ವಿಶೇಷವಿದೆ. ಹಂಪಿಯ ಕೆಲವು ಕಲ್ಲುಹಾಸುಗಳ ಮೇಲೆ ಹಿಂದಿನವರು ಕೆತ್ತಿದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಅವನ್ನು ಹುಡುಕುವಂತೆ ಮಕ್ಕಳಿಗೆ ಹೇಳಿರಿ. ಮನೆಯ ಕಟ್ಟೆಯ ಮೇಲೆ ತಾವು ಆಡುವಂಥ ಆಟವನ್ನು ಆ ಕಾಲದವರೂ ಆಡುತ್ತಿದ್ದರೆಂದು ತಿಳಿದಾಗ ಅವರ ಮುಖ ಅರಳುವುದನ್ನು ನೀವೇ ನೋಡುವಿರಿ. ಆದರೆ ಅಲ್ಲಿಯೂ ಹೊಳೆಗೆ ಇಳಿಯಲು ಬಿಡಬೇಡಿರಿ. ಬಂಡೆಗಳ ನಡುವೆ ಸೆಳವು ಬಲವಾಗಿರುತ್ತದೆ.

ನೀರಿನ ವಿಷಯದಲ್ಲಿ ಪ್ರತಿಯೊಂದು ಮಗುವಿಗೂ ಮೂರು ಮಾತುಗಳನ್ನು ಬಾಯಿಪಾಠ ಮಾಡಿಸಿರಿ. ದೊಡ್ಡವರಿಲ್ಲದೆ ನೀರಿಗೆ ಇಳಿಯಬಾರದು. ಗೆಳೆಯ ಮುಳುಗುತ್ತಿದ್ದರೆ ತಾನೂ ಧುಮುಕದೆ ಕೂಗಿ ಜನರನ್ನು ಕರೆಯಬೇಕು. ದಡದಲ್ಲಿಯೇ ನಿಂತು ಕೋಲನ್ನೋ ಹಗ್ಗವನ್ನೋ ಸೀರೆಯನ್ನೋ ಚಾಚಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುವುದಾಗಲಿ ಹೊಟ್ಟೆ ಒತ್ತುವುದಾಗಲಿ ಸರಿಯಲ್ಲ. ಉಸಿರಿಲ್ಲದಿದ್ದರೆ ತಿಳಿದವರು ಕೂಡಲೇ ಬಾಯಿಂದ ಬಾಯಿಗೆ ಉಸಿರು ಕೊಟ್ಟು ಎದೆಯನ್ನು ಒತ್ತಬೇಕು. ಅದೇ ವೇಳೆಗೆ ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಈ ವಿಧಾನವನ್ನು ಕಲಿಸಿಕೊಡುವಂತೆ ನಿಮ್ಮ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕೇಳಿರಿ.

ಮಗು ಗಲಾಟೆ ಮಾಡದಿರಲೆಂದು ಮೊಬೈಲ್ ಫೋನನ್ನು ಕೈಗೆ ಕೊಟ್ಟು ಹೋಗುವ ರೂಢಿ ಈಗ ಹಳ್ಳಿಗಳಿಗೂ ಬಂದಿದೆ. ಎರಡು ವರ್ಷದೊಳಗಿನ ಮಗುವಿಗೆ ಫೋನು, ಟಿ.ವಿ. ಬೇಡವೇ ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಮಕ್ಕಳನ್ನು ಬಿಡಿಸುವ ಮೊದಲು ನಾವು ಬಿಡಬೇಕಲ್ಲವೇ? ಊಟದ ಹೊತ್ತಿನಲ್ಲಿ ಮನೆಯ ಫೋನುಗಳೆಲ್ಲ ಗೂಡಿನಲ್ಲಿರಲಿ.

ಕೊನೆಯದಾಗಿ ಸೋದರರಿಗೆ ಒಂದು ಮಾತು. ಮಕ್ಕಳನ್ನು ಆಡಿಸುವುದು ಹೆಂಗಸರ ಕೆಲಸವೆಂದು ತಿಳಿಯಬೇಡಿರಿ. ದಿನವೆಲ್ಲ ದುಡಿದು ಬಂದ ನಿಮಗೆ ದಣಿವಾಗಿರುವುದು ನಿಜ. ನಿಮ್ಮ ಮಡದಿಗೂ ಅಷ್ಟೇ ದಣಿವಾಗಿರುತ್ತದೆ. ಅವರು ರೊಟ್ಟಿ ತಟ್ಟುವ ಅರ್ಧ ಗಂಟೆ ನೀವು ಮಕ್ಕಳೊಂದಿಗೆ ಚೌಕಾಬಾರಕ್ಕೆ ಕುಳಿತುಕೊಳ್ಳಿರಿ. ಊಟವಾದ ಮೇಲೆ ಇಬ್ಬರೂ ಮಕ್ಕಳೊಡನೆ ಅಂಗಳದಲ್ಲಿ ಚಾಪೆ ಹಾಸಿ, ನೀವು ಚಿಕ್ಕವರಿದ್ದಾಗಿನ ಸಂಗತಿಗಳನ್ನು ಹೇಳಿರಿ. "ಇವತ್ತು ಏನು ಆಡಿದಿರಿ? ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿರಿ. ಗದರದೆ ಕೇಳುವ ತಂದೆಗೆ ಮಗು ಎಲ್ಲವನ್ನೂ ಹೇಳುತ್ತದೆ. ಹಿನ್ನೀರಿನ ಕಡೆಗೆ ಹೋಗಿದ್ದನ್ನೂ ಹೇಳುತ್ತದೆ. ಅಪಾಯವು ತಿಳಿಯುವುದೂ ತಪ್ಪುವುದೂ ಹೀಗೆಯೇ.

ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಮತ್ತೆ ಬಾರಿಸುತ್ತದೆ. ಆ ದಿನ ನಿಮ್ಮ ಓಣಿಯ ಮಕ್ಕಳೆಲ್ಲರೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ನಗುನಗುತ್ತ ಚೀಲ ಹೆಗಲಿಗೇರಿಸಿ ಹೊರಡುವಂತಾಗಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.